ಯಾರದ್ದೂ ಅಲ್ಲದ ಸದ್ದು

ಪಿಳ್ಳಪ್ಪ: ಯಾರದ್ದೂ ಅಲ್ಲದ ಸದ್ದು ತಗೊಂಡ್ ಬಾ ಅಂತ ತಾನೇ ನಾನ್ ಹೇಳಿದ್ದು? ಇದು ಯಾರ್ದೋ ಆಗೋಯ್ತಲ್ಲೋ.

ಮುನಿಸ್ವಾಮಿ: ಅಣ್ಣ, ಇದು ಕೋಳಿ ಕಣಣ್ಣ.

ಪಿಳ್ಳಪ್ಪ: ಕೋಳಿ ಯಾರ್ದು?

ಮುನಿಸ್ವಾಮಿ: ಬೈರಣ್ಣಂದು.

ಪಿಳ್ಳಪ್ಪ: ಮತ್ತೆ? ನಾಳೆ ಅವ್ನು, ನಮ್ ಹುಂಜ ಕೂಗಿದ್ದಕ್ಕೇ ಪಿಳ್ಳಪ್ಪನ ನಾಟಕದಲ್ಲಿ ಬೆಳಗಾಗಿದ್ದು ಅಂತ ಊರ್ ತುಂಬಾ ಹೇಳ್ಕೊಂಡ್ ತಿರುಗ್ತಾನೆ. ಅಳಿಸು.

ಮುನಿಸ್ವಾಮಿ: ಎರಡು ದಿನ ಕಾದು ಹಿಡ್ದಿದ್ದು ಅಣ್ಣ. ಮೈಕ್ ಕಂಡ್ರೆ ನಾಚ್ಕೊಂಡು ಬಾಯೇ ಬಿಡ್ತಿರ್ಲಿಲ್ಲ ಅದು.

ಪಿಳ್ಳಪ್ಪ: ಅದಕ್ಕಿರೋ ನಾಚಿಕೆ ಬೈರಣ್ಣಂಗಿಲ್ಲ. ಅಳಿಸು ಅಂದ್ರೆ ಅಳಿಸು.

ಎಪ್ಪತ್ತಮೂರನೆಯ ಇಸವಿಯ ಏಪ್ರಿಲ್, ಮಧ್ಯಾಹ್ನ ಎರಡೂವರೆ. ದೊಡ್ಡಬಳ್ಳಾಪುರದಲ್ಲಿ ನಾಲ್ಕು ಪವರ್‌ಲೂಮಿನ ಯಜಮಾನ ಪಿಳ್ಳಪ್ಪನ ಮನೆಯ ಪಡಸಾಲೆಯಲ್ಲಿ ಈ ಪಂಚಾಯ್ತಿ ನಡೆದಿತ್ತು. ಚಾಪೆಯ ಮೇಲೆ ಎರಡು ಚಕ್ರದ ಟೇಪ್ ರೆಕಾರ್ಡರು. ಮದುವೆ ಮುಂಜಿಗಳಿಗೆ ಮೈಕ್ ಸೆಟ್ ಕಟ್ಟುವ, ಪಿಳ್ಳಪ್ಪನ ತಮ್ಮ ಮುನಿಸ್ವಾಮಿ ಅದನ್ನು ಬೆಂಗಳೂರಿನ ತನ್ನ ಷಡ್ಡಕನಿಂದ ಮೂರು ದಿನಕ್ಕೆಂದು ಎರವಲು ತಂದಿದ್ದ. ಆ ಮೂರು ದಿನ ಇವತ್ತಿಗೆ ಮುಗಿದು, ಸಂಜೆ ಐದರ ರೈಲಿಗೆ ಅದನ್ನು ವಾಪಸು ಒಯ್ಯಬೇಕಿತ್ತು. ಭಾನುವಾರ ನಾಟಕದಲ್ಲಿ ಸದ್ದು ಹಾಕಲು ಒಂದು ಹೊತ್ತಿಗೆ ಮಾತ್ರ ಮತ್ತೆ ಕೊಡುತ್ತೇನೆಂದು ಷಡ್ಡಕ ಹೇಳಿದ್ದ.

ಪಿಳ್ಳಪ್ಪನಿಗೆ ಐವತ್ತೆರಡು ವರ್ಷ. ಇಲ್ಲಿಯವರೆಗೆ ಒಂಬತ್ತು ನಾಟಕ ಬರೆದು, ಒಂಬತ್ತನ್ನೂ ತಾನೇ ಆಡಿಸಿ, ಒಂಬತ್ತರಲ್ಲೂ ತಾನೇ ರಾಜನಾಗಿದ್ದ. ಅವುಗಳಲ್ಲಿ ಒಂದೂ ಯಲಹಂಕ ದಾಟಿರಲಿಲ್ಲ. ಈಗ ಹತ್ತನೆಯದಕ್ಕೆ ಬೆಂಗಳೂರಿನ ಒಂದು ಕಲಾಸಂಘದ ಕಾರ್ಯದರ್ಶಿಯಿಂದ ಕಾಗದ ಬಂದಿತ್ತು. ಭಾನುವಾರ ಬಂದು ನೋಡುತ್ತೇವೆ, ಮೆಚ್ಚಿಗೆಯಾದರೆ ಬೆಂಗಳೂರಿನಲ್ಲೊಂದು ಪ್ರದರ್ಶನ ಏರ್ಪಡಿಸುತ್ತೇವೆ ಎಂದು. ಆ ಕಾಗದವನ್ನು ಬಿಚ್ಚಿ ಮಡಿಸಿ ಬಿಚ್ಚಿ ಮಡಿಸಿ ಮಡಿಕೆಗಳೆಲ್ಲ ಹರಿದಿದ್ದವು. ಕೊನೆಯಲ್ಲಿ ಒಂದು ಷರತ್ತಿತ್ತು: ಸಂಗೀತವಾಗಲಿ ಸದ್ದುಗಳಾಗಲಿ ಸ್ವಂತದ್ದೇ ಇರಬೇಕು, ಸಿನಿಮಾದ್ದು, ಗ್ರಾಮಫೋನಿನದ್ದು, ಇನ್ನೊಬ್ಬರ ಹಕ್ಕಿನದ್ದು ಯಾವುದನ್ನೂ ಬಳಸಕೂಡದು.

ಹಾಗೆ ನೋಡಿದರೆ ಪಿಳ್ಳಪ್ಪನಿಗೆ ಸಂಗೀತಕ್ಕೆ ಬರ ಬಂದದ್ದೇ ಇಲ್ಲ. ಎದುರು ಮನೆಯ ಹಾರ್ಮೋನಿಯಂ ವೆಂಕಟರಮಣಪ್ಪ ಹದಿನಾರು ವರ್ಷದಿಂದ ಒಂದು ಕಾಸೂ ಕೇಳದೆ ಹಾಡುಗಳಿಗೆ ಮಟ್ಟು ಹಾಕಿ, ನುಡಿಸಿ, ಪೆಟ್ಟಿಗೆ ತಾನೇ ಹೊತ್ತುಕೊಂಡು ಹೋಗುತ್ತಿದ್ದ. ಕಳೆದ ಗುರುವಾರ ಮೊದಲ ಸಲ ಒಂದು ಕೇಳಿದ. ಕರಪತ್ರದಲ್ಲಿ ತನ್ನ ಹೆಸರನ್ನೂ ಪಿಳ್ಳಪ್ಪನ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಹಾಕಿಸಬೇಕು. ಪಿಳ್ಳಪ್ಪನಿಗೆ ಇದು ಆಸ್ತಿಯಲ್ಲಿ ಪಾಲು ಕೇಳಿದ ಹಾಗಾಯಿತು. ಆಗುವುದಿಲ್ಲ ಎಂದ. ಹಾಗಿದ್ದರೆ ನನ್ನ ಮಟ್ಟುಗಳನ್ನು ಹಾಡಬೇಡ ಎಂದು ವೆಂಕಟರಮಣಪ್ಪ ಎದ್ದು ಹೋದ. ಆಗಿನಿಂದ ಪಿಳ್ಳಪ್ಪ ಯಾರ ಹಂಗೂ ಇಲ್ಲದ, ಹೆಸರು ಕೇಳದ ಸದ್ದನ್ನು ಹುಡುಕುತ್ತಿದ್ದಾನೆ. ಅಂದ ಹಾಗೆ ನಾಟಕದ ಕಥೆ, ಹೆಸರು ಕೀರ್ತಿ ಎರಡನ್ನೂ ತೊರೆದು ಕಾಡು ಸೇರುವ ಒಬ್ಬ ರಾಜನದ್ದು. ಈ ವಿಷಯವನ್ನು ಪಿಳ್ಳಪ್ಪನ ಎದುರಿಗೆ ಯಾರೂ ಎತ್ತುವುದಿಲ್ಲ.

ಮುನಿಸ್ವಾಮಿ: ಬೆಳಿಗ್ಗೆ ರೇಡಿಯೋಲಿ ವೀಣೆ ಬರ್ತದಲ್ಲ, ಅದನ್ನ ಹಿಡ್ಕೊಳ್ಳಾಣ. ಗಾಳೀಲಿ ಬರೋದು. ಯಾರ್ದೂ ಅಲ್ಲ.

ಪಿಳ್ಳಪ್ಪ: ಗಾಳೀಲಿ ಬಂದ್ರೆ ಯಾರ್ದೂ ಅಲ್ವಾ? ವರ್ಷ ವರ್ಷ ಪೋಸ್ಟಾಫೀಸಿಗೋಗಿ ರೇಡಿಯೋ ಲೈಸೆನ್ಸ್ ಕಟ್ಟಿ ಬರ್ತೀನಲ್ಲ, ಅದೇನ್ ಗಾಳಿಗಾ ಕಟ್ತಿರೋದು?

ಮುನಿಸ್ವಾಮಿ: ಹಂಗಾರೆ ದುಡ್ಡು ಕೊಟ್ಟಿದೀಯ. ನಿಂದೇ ಆಯ್ತು.

ಪಿಳ್ಳಪ್ಪ: ಕೇಳಕ್ಕೆ ಕಟ್ಟಿರೋದು ಕಣೋ. ಟಿಕೆಟ್ ತಗೊಂಡೋನು ಬಸ್ಸನ್ನೇ ಮನೆಗೆ ಹೊಡ್ಕೊಂಡ್ ಹೋಗ್ತಾನಾ?

ಮುನಿಸ್ವಾಮಿ: ನನ್ನತ್ರ ಎರಡು ಪೆಟ್ಟಿಗೆ ತುಂಬಾ ಗ್ರಾಮಫೋನ್ ಪ್ಲೇಟ್ ಅವೆ. ಮದ್ವೆ ಮನೆಗಳಲ್ಲಿ ಹಾಕ್ತೀನಿ. ಇವತ್ತಿನ ತನಕ ಒಬ್ಬ ಬಂದು ಇದ್ಯಾರ್ದು ಅಂತ ಕೇಳಿಲ್ಲ.

ಪಿಳ್ಳಪ್ಪ: ಮದ್ವೆ ಮನೇಲಿ ಊಟದ್ ಮೇಲೆ ಕಣ್ಣು, ಯಾರ್ ಕೇಳ್ತಾರೆ? ನೆಲಮಂಗಲದ ಕಡೆ ಯಾರೋ ನಾಟಕದೋರು ಪ್ಲೇಟ್ ಹಾಕಿದ್ದಕ್ಕೆ ಮದ್ರಾಸಿಂದ ಕಾಗದ ಬಂತಂತೆ.

ಮುನಿಸ್ವಾಮಿ: ಏನಂತ ಬಂತು?

ಪಿಳ್ಳಪ್ಪ: ಇಂಗ್ಲಿಷಲ್ಲಿ ಇತ್ತಂತೆ. ಓದಕ್ ಬರ್ದೆ, ಹೆದರ್ಕೊಂಡು ಸಂಘಾನೇ ಮುಚ್ಚಿಬಿಟ್ರಂತೆ.

ಮುನಿಸ್ವಾಮಿ: ಓಲಗದ ಮುನಿವೆಂಕಟಪ್ಪನ್ನ ಕೇಳ್ತೀನಿ ಅಂದಿದ್ದಲ್ಲ?

ಪಿಳ್ಳಪ್ಪ: ಕೇಳ್ದೆ. ರಾಗ ಅನ್ನೋದು ಯಾರಪ್ಪನ ಮನೆ ಆಸ್ತಿ, ದೇವಸ್ಥಾನದ ಮುಂದೆ ಊದೋದ್ನೇ ಇಲ್ಲೂ ಒಂದಿಷ್ಟು ಊದಯ್ಯ ಅಂದೆ. ರಾಗ ಯಾರ್ದೂ ಅಲ್ಲ ಪಿಳ್ಳಪ್ಪ, ಉಸಿರು ಮಾತ್ರ ನಂದು ಅಂದ.

ಮುನಿಸ್ವಾಮಿ: ಅಂದ್ರೆ?

ಪಿಳ್ಳಪ್ಪ: ಅಂದ್ರೆ ಅವ್ನಿಗೂ ದಪ್ಪಕ್ಷರ ಬೇಕು ಅಂತ. ಊರಿಗೆಲ್ಲ ಒಂದೇ ರೋಗ ಬಂದೈತೆ.

ಮುನಿಸ್ವಾಮಿ ಚಕ್ರ ತಿರುಗಿಸಿ ಇನ್ನೊಂದು ಕಡೆ ಹಾಕಿದ. ಪೆಟ್ಟಿಗೆಯಿಂದ ಧೋ ಎಂದು ಮಳೆ ಸುರಿಯತೊಡಗಿತು. ಪಿಳ್ಳಪ್ಪನ ಮುಖ ಅರಳಿತು. ಈ ಮಳೆಗೆ ಬೇರೆ ಯಜಮಾನರಿರಲಿಲ್ಲ. ಅವನೇ ಮೊರದಲ್ಲಿ ರಾಗಿ ಎತ್ತಿಕೊಂಡು, ತಗಡಿನ ಮೇಲೆ ಸುರಿದು ಬರಿಸಿದ್ದು. ಮಳೆಯ ಸದ್ದು ಕೇಳುತ್ತಲೇ ಒಳಗಿನಿಂದ ಅವನ ಹೆಂಡತಿ ರುಕ್ಮಿಣಮ್ಮ ಬಂದಳು.

ರುಕ್ಮಿಣಮ್ಮ: ಇದು ನಮ್ ರಾಗೀನೇ ತಾನೇ?

ಪಿಳ್ಳಪ್ಪ: ಮಳೆ.

ರುಕ್ಮಿಣಮ್ಮ: ಎರಡು ಸೇರು ರಾಗಿ ಸುರ್ದು, ನೆಲದಿಂದ ಬಾಚಿ ಡಬ್ಬಕ್ಕೆ ಹಾಕಿಟ್ಟಿದೀರ. ಮೂರು ದಿನದಿಂದ ಮುದ್ದೇಲಿ ಕಲ್ಲು. ರಾಜಂಗೆ ಮಳೆ, ನಮಗೆ ಕಲ್ಲು.

ಪಿಳ್ಳಪ್ಪ: ಕಲೆ ಅಂದ್ಮೇಲೆ ಸ್ವಲ್ಪ ಕಷ್ಟ ಇರ್ತದೆ.

ರುಕ್ಮಿಣಮ್ಮ: ಅದನ್ನ ಹಲ್ಲಿಗೆ ಹೇಳಿ.

ಮಳೆ ನಿಂತಿತು. ಚಕ್ರ ಸುತ್ತುತ್ತಲೇ ಇತ್ತು. ಮುನಿಸ್ವಾಮಿ ಅದನ್ನು ನಿಲ್ಲಿಸಲು ಕೈ ಚಾಚುವ ಹೊತ್ತಿಗೆ ಹೆಣ್ಣುದನಿಯೊಂದು ಮೆಲ್ಲಗೆ, ಯಾರಿಗೂ ಕೇಳಿಸಲೆಂದಲ್ಲ, ಹಾಡಿಕೊಳ್ಳುವುದು ಕೇಳಿಸಿತು. ರುಕ್ಮಿಣಮ್ಮ ಬಾಗಿಲಲ್ಲಿ ಹಾಗೇ ನಿಂತಳು.

ರುಕ್ಮಿಣಮ್ಮ: ಯಾರದು ಹಾಡ್ತಿರೋದು?

ಮುನಿಸ್ವಾಮಿ: ನೀವೇ ಅತ್ತಿಗೆ.

ರುಕ್ಮಿಣಮ್ಮ: ನಾನ್ಯಾವಾಗ ಹಾಡ್ದೆ?

ಮುನಿಸ್ವಾಮಿ: ಮೊನ್ನೆ ನೂಲು ಸುತ್ತುವಾಗ. ಕಿಟಕಿ ಸಂದೀಲಿ ಮೈಕ್ ಇಡು ಅಂತ ಅಣ್ಣ ಅಂದ್ರು.

ಪಿಳ್ಳಪ್ಪ: ಇಡು ಅಂತ ಎಲ್ಲೋ ಅಂದೆ? ಇಡಕ್ಕಾಗ್ತದಾ ನೋಡು ಅಂದೆ.

ರುಕ್ಮಿಣಮ್ಮ: ನನ್ನ ಒಂದ್ ಮಾತು ಕೇಳ್ಬಹುದಿತ್ತು.

ಪಿಳ್ಳಪ್ಪ: ಕೇಳಿದ್ರೆ ನೀನು ಸೆರಗು ಬಾಯಿಗೆ ಇಟ್ಕೊಂಡು ಒಳಗೋಗ್ತಿದ್ದೆ. ಅದೂ ಅಲ್ದೆ ಅದು ಹಳ್ಳಿ ಹಾಡು ಕಣೇ. ಹಳ್ಳಿ ಹಾಡು ಅಂದ್ರೆ ಯಾರ್ದೂ ಅಲ್ಲ. ಎಲ್ಲಾರ್ದೂ.

ರುಕ್ಮಿಣಮ್ಮ: ಯಾರ್ದೂ ಅಲ್ವಾ? ನಮ್ಮಜ್ಜಿ ಕಟ್ಟಿದ್ದು ಅದು. ನಮ್ಮಪ್ಪ ಮಗುವಾಗಿದ್ದಾಗ ಜ್ವರ ಬಂದು ಮೂರು ದಿನ ಕಣ್ಣೇ ಬಿಡ್ಲಿಲ್ವಂತೆ. ತೊಟ್ಟಿಲ ಪಕ್ಕ ಕೂತ್ಕೊಂಡು ಕಟ್ಟಿದ್ದು.

ಪಿಳ್ಳಪ್ಪ: ಎಲ್ಲಾದ್ರೂ ಬರ್ದಿಟ್ಟಿದ್ಲಾ?

ರುಕ್ಮಿಣಮ್ಮ: ಅವಳಿಗೆ ಓದು ಬರಹ ಎಲ್ಲಿತ್ತು?

ಪಿಳ್ಳಪ್ಪ: ಹಂಗಾದ್ರೆ ಯಾರ್ದೂ ಅಲ್ಲ.

ರುಕ್ಮಿಣಮ್ಮ: ನಮ್ಮಜ್ಜಿ ಹೆಸ್ರೇನು ಹೇಳಿ ನೋಡಾಣ.

ಪಿಳ್ಳಪ್ಪ ಸೂರಿನ ಕಡೆ ನೋಡಿದ. ಹತ್ತು ನಾಟಕದ ಎಲ್ಲ ಪಾತ್ರಗಳ ಮಾತೂ ಬಾಯಿಪಾಠವಾಗಿದ್ದ ಮನುಷ್ಯನಿಗೆ ಹೆಂಡತಿಯ ಅಜ್ಜಿಯ ಹೆಸರು ಹೊಳೆಯಲಿಲ್ಲ. ಮುನಿಸ್ವಾಮಿ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ವೈರು ಸುತ್ತತೊಡಗಿದ.

ರುಕ್ಮಿಣಮ್ಮ: ಮುತ್ಯಾಲಮ್ಮ. ಇಪ್ಪತ್ತೆರಡು ವರ್ಷ ಆಯ್ತು ನಮ್ ಮದ್ವೆಯಾಗಿ. ಧಾರೆ ಹೊತ್ತಲ್ಲಿ ನಿಮ್ ತಲೆ ಮುಟ್ಟಿ ಅತ್ತವಳೇ ಅವಳು.

ಪಿಳ್ಳಪ್ಪ: ಜ್ಞಾಪಕ ಐತೆ, ಬಿಡು. ಹೆಸ್ರೊಂದು ಮರ್ತಿದ್ದೆ.

ರುಕ್ಮಿಣಮ್ಮ: ನಿಮ್ ಹೆಸ್ರು ಮರೆತೋರು ಯಾರಾದ್ರೂ ಸಿಕ್ರೆ ಅಷ್ಟು ಸಲೀಸಾಗಿ ಬಿಡ್ತೀರಾ?

ಅವಳಿಗೆ ನಿಜವಾಗಿ ನೋವಾಗಿತ್ತು. ಅದು ಪಿಳ್ಳಪ್ಪನಿಗೂ ಗೊತ್ತಾಯಿತು. ಆದರೆ ಗೊತ್ತಾಗಿದೆ ಎಂದು ತೋರಿಸಿಕೊಂಡರೆ ಕರಪತ್ರದಲ್ಲಿ ಇನ್ನೊಂದು ಸಾಲು ಏರುತ್ತದಲ್ಲ ಎಂದು ಕಾರ್ಯದರ್ಶಿಯ ಕಾಗದ ಬಿಚ್ಚಿ ಓದತೊಡಗಿದ. ಅಷ್ಟರಲ್ಲಿ ರುಕ್ಮಿಣಮ್ಮನ ತಮ್ಮ ಗೋಪಾಲಪ್ಪ ಕೋಸು, ಬೀನ್ಸು ತುಂಬಿದ ಚೀಲ ಹಿಡಿದು ಒಳಗೆ ಬಂದ. ಹೊಸಕೋಟೆಯಲ್ಲಿ ಅವನಿಗೆ ತರಕಾರಿ ವ್ಯಾಪಾರ.

ಗೋಪಾಲಪ್ಪ: ಏನ್ ಭಾವ, ಯಾಕ್ ಜಗಳ?

ಪಿಳ್ಳಪ್ಪ: ಜಗಳ ಎಲ್ಲಿ? ಮಾತಾಡ್ತಾ ಇದೀವಿ.

ಗೋಪಾಲಪ್ಪ: ಕತ್ತಿನ ನರ ಎಲ್ಲಾ ಉಬ್ಬೈತೆ.

ಪಿಳ್ಳಪ್ಪ: ನಮ್ಮೂರಲ್ಲಿ ಮಾತಾಡೋದೇ ಹಿಂಗೆ. ಬಾ, ಕೂತ್ಕೋ. ಒಳ್ಳೆ ಹೊತ್ತಿಗ್ ಬಂದೆ. ನೀನು ಹೊರಗಿನೋನು, ನಿನ್ ಕಿವಿ ಹೊಸದು. ಇದ್ನ ಕೇಳಿ ನಿನ್ ಅಭಿಪ್ರಾಯ ಹೇಳು.

ಗೋಪಾಲಪ್ಪ: ಏನಿದು?

ಪಿಳ್ಳಪ್ಪ: ಕಾಡು. ಎಲ್ಲಾ ಬಿಟ್ಟು ರಾಜ ಬಂದು ತಪಸ್ಸಿಗೆ ಕೂತವ್ನೆ. ಹಕ್ಕಿ ಚಿಲಿಪಿಲಿ ಬಿಟ್ರೆ ಒಂದು ಎಲೆ ಕೂಡ ಅಲ್ಲಾಡಲ್ಲ. ಈ ನಿಶ್ಶಬ್ದದಲ್ಲೇ ನಾಟಕದ ಜೀವ ಇರೋದು. ಬೆಂಗಳೂರಿನೋರು ಇದನ್ನ ಕೇಳಿ ಬೆಚ್ಚಿಬೀಳ್ಬೇಕು.

ಮುನಿಸ್ವಾಮಿ: ಹಿತ್ತಿಲ ಬೇವಿನ ಮರದ ಕೆಳಗೆ ಹಿಡ್ದಿದ್ದು. ಅರ್ಧ ಗಂಟೆ ಉಸಿರು ಬಿಗಿಹಿಡ್ಕೊಂಡು ಕೂತಿದ್ವಿ.

ಮುನಿಸ್ವಾಮಿ ಚಕ್ರ ಮುಂದಕ್ಕೆ ಓಡಿಸಿ ಕಾಡು ಹಾಕಿದ. ಗೋಪಾಲಪ್ಪ ಪೆಟ್ಟಿಗೆಗೆ ಕಿವಿ ಕೊಟ್ಟು ಕೇಳಿದ. ಹುಬ್ಬು ಗಂಟಿಕ್ಕಿತು. ಆ ಕಿವಿ ತೆಗೆದು ಈ ಕಿವಿ ಇಟ್ಟ.

ಗೋಪಾಲಪ್ಪ: ಭಾವ, ರಾಜ ಕಾಡಲ್ಲಿ ಮಗ್ಗ ಹಾಕವ್ನಾ?

ಪಿಳ್ಳಪ್ಪ: ಯಾವ ಮಗ್ಗ?

ಗೋಪಾಲಪ್ಪ: ಟಕ ಟಕ ಟಕ ಟಕ ಅಂತೈತಲ್ಲ.

ಮುನಿಸ್ವಾಮಿ: ಅದು ಗುಬ್ಬಿ.

ಗೋಪಾಲಪ್ಪ: ಗುಬ್ಬಿ ಹಿಂದ್ಗಡೆ.

ಮುನಿಸ್ವಾಮಿ: ಗುಬ್ಬಿ ಹಿಂದ್ಗಡೆ ಎಲೆ.

ಗೋಪಾಲಪ್ಪ: ಎಲೆ ಹಿಂದ್ಗಡೆ?

ಮುನಿಸ್ವಾಮಿ: ಎಲೆ ಹಿಂದ್ಗಡೆ ಏನೂ ಇಲ್ಲ. ನಿಶ್ಶಬ್ದ.

ಗೋಪಾಲಪ್ಪ: ಆ ನಿಶ್ಶಬ್ದಾನೇ ಟಕ ಟಕ ಅಂತಿರೋದು.

ಪಿಳ್ಳಪ್ಪ ಬಗ್ಗಿ ಕೇಳಿದ. ಗುಬ್ಬಿ ಕೇಳಿಸಿತು. ಗಾಳಿಗೆ ಬೇವಿನ ಕೊಂಬೆ ತೂಗಿದ್ದು ಕೇಳಿಸಿತು. ಬೇರೆ ಏನೂ ಕೇಳಿಸಲಿಲ್ಲ. ಬಾಮೈದನಿಗೆ ಬಿಸಿಲು ಹತ್ತಿರಬೇಕು ಎಂದುಕೊಂಡ.

ಪಿಳ್ಳಪ್ಪ: ಲೇ, ಇವ್ನಿಗೊಂದು ಲೋಟ ಮಜ್ಜಿಗೆ ಕೊಡು.

ಗೋಪಾಲಪ್ಪ: ಮಜ್ಜಿಗೆ ಆಮೇಲಾಗ್ಲಿ. ಈಗ ಹಿಂದ್ಗಡೆ ನಿಮ್ ಮಗ್ಗದ ಮನೇಲಿ ಆಡ್ತೈತಲ್ಲ, ಅದೇ ಸದ್ದು ಇದ್ರೊಳಗೂ ಐತೆ.

ಪಿಳ್ಳಪ್ಪ: ಹಿಂದ್ಗಡೆ ಆಡ್ತಿರೋದಾ? ಅದೊಂದು ಸದ್ದೇನೋ?

ಗೋಪಾಲಪ್ಪ: ಸದ್ದಲ್ದೆ ಮತ್ತೇನು?

ಪಿಳ್ಳಪ್ಪ: ಅದು ಇರೋದೇ ಹಂಗೆ. ಸದ್ದು ಅಂದ್ರೆ ಇಲ್ದೆ ಇದ್ದಿದ್ದು ಬರ್ಬೇಕು. ಇರೋದು ಹೆಂಗೆ ಸದ್ದಾಗ್ತದೆ?

ರುಕ್ಮಿಣಮ್ಮ: ನಾನು ಮದ್ವೆಯಾಗಿ ಬಂದ ಹೊಸದ್ರಲ್ಲಿ ಆರು ತಿಂಗಳು ಕಣ್ಣಿಗೆ ನಿದ್ದೆ ಹತ್ತಿಲ್ಲ ಕಣೋ ಗೋಪಾಲ. ಆಮೇಲೆ ಯಾವಾಗ ನಿಂತೋಯ್ತೋ ಗೊತ್ತಿಲ್ಲ.

ಗೋಪಾಲಪ್ಪ: ನಿಂತಿಲ್ಲ ಅಕ್ಕ. ನಿಂಗೆ ಕೇಳಿಸೋದು ನಿಂತೈತೆ.

ಪಿಳ್ಳಪ್ಪ: ನೋಡು, ನಾಲ್ಕು ಮಗ್ಗ ಕಟ್ಟಿರೋನು ನಾನು. ಮಗ್ಗದ ಸದ್ದು ನಂಗ್ ಗೊತ್ತಾಗಲ್ಲ, ಕೋಸು ಮಾರೋನಿಗೆ ಗೊತ್ತಾಗ್ತದೆ ಅಂದ್ರೆ ಯಾರಾದ್ರೂ ನಂಬ್ತಾರೇನೋ? ನಾನ್ ಹೇಳೋದು ಏನಪ್ಪಾ ಅಂದ್ರೆ...

ಮಾತು ಅಲ್ಲಿಗೇ ನಿಂತಿತು. ಪಿಳ್ಳಪ್ಪ ಚಾಪೆಯಿಂದ ಧಡಕ್ಕನೆ ಎದ್ದ.

ಪಿಳ್ಳಪ್ಪ: ದೊಡ್ಡಬೀರಪ್ಪ, ಮೂರನೇ ಮಗ್ಗ ಯಾಕೋ ನಿಂತೋಯ್ತು? ನೂಲು ಕಿತ್ತೋಯ್ತಾ?

ಪಂಚೆ ಎತ್ತಿಕಟ್ಟಿಕೊಂಡು ಹಿತ್ತಿಲ ಕಡೆ ಓಡಿದ. ಮಗ್ಗದ ಮನೆಯಲ್ಲಿ ಮೂರನೆಯ ಮಗ್ಗ ಸೊಗಸಾಗಿ ಓಡುತ್ತಿತ್ತು. ಒಂದು, ಎರಡು, ನಾಲ್ಕು ಎಲ್ಲವೂ ಓಡುತ್ತಿದ್ದವು. ನೇಯುವ ಆಳು ದೊಡ್ಡಬೀರಪ್ಪ ಬೀಡಿ ಹಚ್ಚಿದ್ದು ಯಜಮಾನನಿಗೆ ಹೇಗೆ ತಿಳಿಯಿತೆಂದು ಗಾಬರಿಯಾಗಿ ಅದನ್ನು ಕಾಲಡಿ ಹೊಸಕಿದ. ಪಿಳ್ಳಪ್ಪ ನಾಲ್ಕು ಮಗ್ಗವನ್ನೂ ಒಮ್ಮೆ ಮುಟ್ಟಿ ನೋಡಿ, ನಿಧಾನವಾಗಿ ಪಡಸಾಲೆಗೆ ವಾಪಸು ಬಂದ. ಪೆಟ್ಟಿಗೆಯಲ್ಲಿ ಚಕ್ರ ಇನ್ನೂ ತಿರುಗುತ್ತಿತ್ತು.

ಗೋಪಾಲಪ್ಪ: ಎಲ್ಲಿ ನಿಂತಿದ್ದು ಭಾವ?

ಪಿಳ್ಳಪ್ಪ ತಿರುಗುವ ಚಕ್ರದತ್ತ ಬೆರಳು ಮಾಡಿದ. ಮೊನ್ನೆ ನಿಶ್ಶಬ್ದ ಹಿಡಿಯುತ್ತಿದ್ದ ಹೊತ್ತಿನಲ್ಲಿ ಮೂರನೆಯ ಮಗ್ಗದ ನೂಲು ಕಿತ್ತು ನಿಂತಿದ್ದು ಅವನಿಗೆ ನೆನಪಾಯಿತು. ಓಡುವ ಮಗ್ಗ ಅವನ ಕಿವಿಗೆ ಬೀಳುವುದಿಲ್ಲ, ನಿಂತ ಮಗ್ಗ ಮಾತ್ರ ಬೀಳುತ್ತದೆ. ಇಷ್ಟು ವರ್ಷ ಹೀಗೇ ಬದುಕಿದ್ದೇನೆಯೇ ಎಂದು ಅವನಿಗೇ ಗಾಬರಿಯಾಯಿತು.

ಮುನಿಸ್ವಾಮಿ: ಅಣ್ಣ, ಹಂಗಾರೆ ಮಳೇಲೂ ಇರ್ತದಾ?

ಗೋಪಾಲಪ್ಪ: ಹಾಕು ನೋಡಾಣ. ಹ್ಞೂ, ಮಳೇಲೂ ಐತೆ. ಅಕ್ಕನ ಹಾಡಲ್ಲೂ ಐತೆ.

ಅವನು ಚಾಪೆಯ ಮೇಲೆ ಬಿದ್ದಿದ್ದ ಕರಪತ್ರದ ಕರಡನ್ನು ಎತ್ತಿಕೊಂಡು ಓದಿದ. ಅದು ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕಿತ್ತು.

ಗೋಪಾಲಪ್ಪ: ರಚನೆ ಪಿಳ್ಳಪ್ಪ. ನಿರ್ದೇಶನ ಪಿಳ್ಳಪ್ಪ. ಮಹಾರಾಜನ ಪಾತ್ರ ಪಿಳ್ಳಪ್ಪ. ಸಂಗೀತ... ಇಲ್ಲಿ ಖಾಲಿ ಬಿಟ್ಟಿದೀರಲ್ಲ. ಪವರ್‌ಲೂಮ್ ಅಂತ ಹಾಕ್ಸಿಬಿಡಿ.

ಪಿಳ್ಳಪ್ಪ: ನಗ್ಬೇಡ ಕಣೋ. ಮೂವತ್ತು ವರ್ಷದಿಂದ ಕಾದಿದೀನಿ. ಮುನಿಸ್ವಾಮಿ, ಇನ್ನೂ ಹೊತ್ತೈತೆ. ನಮ್ ಮಗ್ಗ ನಿಲ್ಸಿ ಇನ್ನೊಂದ್ಸಲ ಹಿಡಿಯಾಣ.

ರುಕ್ಮಿಣಮ್ಮ: ನಮ್ಮವು ನಾಲ್ಕು ನಿಲ್ಸಿದ್ರೆ ಆಯ್ತಾ? ಬೀದೀಲಿ ನೂರ ಎಂಬತ್ತು ಅವೆ.

ಪಿಳ್ಳಪ್ಪ: ಅಮಾವಾಸ್ಯೆಗೆ ಎಲ್ಲಾರೂ ನಿಲ್ಲಿಸ್ತಾರೆ.

ರುಕ್ಮಿಣಮ್ಮ: ಅಮಾವಾಸ್ಯೆ ಬರೋದು ನಿಮ್ ನಾಟಕ ಆದ್ಮೇಲೆ.

ಮುನಿಸ್ವಾಮಿ: ಅಣ್ಣ, ಅಷ್ಟೆಲ್ಲ ಯಾಕೆ? ದಿನಾ ಒಂದ್ ಹೊತ್ತಲ್ಲಿ ಕರೆಂಟ್ ತೆಗೀತಾನಲ್ಲ. ಕರೆಂಟ್ ಹೋದ್ರೆ ಊರ್ ಮಗ್ಗ ಎಲ್ಲಾ ತಾನೇ ನಿಲ್ತವೆ. ಆಗ ಹಿಡ್ಕೊಂಡ್ಬಿಡಾಣ.

ಪಿಳ್ಳಪ್ಪ: ನೋಡಿ, ತಲೆ ಅಂದ್ರೆ ಇದು. ಮೈಕ್ ಸೆಟ್ ಕಟ್ಕೊಂಡು ಹಾಳಾದ ನನ್ ತಮ್ಮ.

ರುಕ್ಮಿಣಮ್ಮ: ಆ ಪೆಟ್ಟಿಗೆ ಏನು ಸೀಮೆಎಣ್ಣೇಲಿ ಓಡ್ತದಾ?

ಪೆಟ್ಟಿಗೆಯಿಂದ ಹೊರಟ ವೈರು ಗೋಡೆಯ ಪ್ಲಗ್ಗಿನವರೆಗೆ ಹೋಗಿರುವುದನ್ನು ಗಂಡಸರು ಮೂವರೂ ಕಣ್ಣಲ್ಲೇ ಅಳೆದರು. ಮಗ್ಗಕ್ಕೂ ಪೆಟ್ಟಿಗೆಗೂ ಒಂದೇ ಕಂಬದ ಕರೆಂಟು. ಅದು ಇದ್ದರೆ ಎರಡೂ ಇರುತ್ತವೆ, ಹೋದರೆ ಎರಡೂ ಹೋಗುತ್ತವೆ.

ಗೋಪಾಲಪ್ಪ: ಅದಕ್ಕ್ಯಾಕೆ ಯೋಚ್ನೆ? ಹೊಸಕೋಟೆಗೆ ಬನ್ನಿ, ನಮ್ಮನೇಲಿ ಹಿಡಿಯಿರಿ. ಸೂಜಿ ಬಿದ್ರೆ ಕೇಳಿಸ್ತದೆ.

ರುಕ್ಮಿಣಮ್ಮ: ನಿಮ್ಮನೇಲಾ? ಹಿಂದಿನ ತಿಂಗಳು ಬಂದು ಮೂರು ದಿನ ಇದ್ದೆ, ಒಂದ್ ರಾತ್ರಿ ರೆಪ್ಪೆ ಮುಚ್ಚಿಲ್ಲ. ಹಳೇ ಮದ್ರಾಸ್ ರಸ್ತೆ ಲಾರಿಗಳೆಲ್ಲ ಎದೆ ಮೇಲೇ ಹೋದಂಗಾಗ್ತಿತ್ತು.

ಗೋಪಾಲಪ್ಪ: ಯಾವ ಲಾರಿ?

ರುಕ್ಮಿಣಮ್ಮ: ಗೂಡಲ್ಲಿಟ್ಟಿರೋ ಲೋಟಗಳು ಕುಣೀತಾವಲ್ಲೋ.

ಗೋಪಾಲಪ್ಪ: ಅವು ಇರೋದೇ ಹಂಗೆ.

ಪಿಳ್ಳಪ್ಪ: ಬಂದ್ಬಿಟ್ಟ ನೋಡು, ಹೊಸ ಕಿವಿಯೋನು.

ಮುನಿಸ್ವಾಮಿ: ನಿಜವಾದ ಕಾಡಿಗೇ ಹೋಗ್ಬಿಟ್ರೆ? ನಂದಿಬೆಟ್ಟದ ಕಡೆ ಎಲ್ಲಾದ್ರೂ?

ಪಿಳ್ಳಪ್ಪ: ಹೋಗಿ? ಪ್ಲಗ್ ಯಾವ ಮರಕ್ಕೆ ಚುಚ್ತೀಯ?

ಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿತ್ತು. ಮುನಿಸ್ವಾಮಿ ರಟ್ಟಿನ ಪೆಟ್ಟಿಗೆ ಎಳೆದುಕೊಂಡು ರೆಕಾರ್ಡರನ್ನು ಕಟ್ಟುವ ಸಿದ್ಧತೆ ನಡೆಸಿದ. ಪಿಳ್ಳಪ್ಪ ಎದ್ದು ಬೀದಿ ಕಡೆಯ ಕಿಟಕಿಗೆ ಹೋಗಿ ನಿಂತ. ಎದುರಿಗೆ, ಇಪ್ಪತ್ತಡಿ ಆಚೆ, ವೆಂಕಟರಮಣಪ್ಪ ಜಗಲಿಯ ಮೇಲೆ ಕೂತು ಹಾರ್ಮೋನಿಯಂ ಒರೆಸುತ್ತಿದ್ದ. ನುಡಿಸುತ್ತಿರಲಿಲ್ಲ, ಬರೀ ಒರೆಸುತ್ತಿದ್ದ. ತನ್ನನ್ನು ಉರಿಸುವುದಕ್ಕೇ ಇವನು ಒರೆಸುತ್ತಿರುವುದು ಎಂದು ಪಿಳ್ಳಪ್ಪನಿಗೆ ಅನ್ನಿಸಿತು.

ರುಕ್ಮಿಣಮ್ಮ: ಹೋಗಿ ಒಂದ್ ಮಾತು ಹೇಳಿ ಬನ್ನಿ.

ಪಿಳ್ಳಪ್ಪ: ಯಾರಿಗೆ?

ರುಕ್ಮಿಣಮ್ಮ: ಯಾರನ್ನ ನೋಡ್ತಾ ನಿಂತಿದೀರೋ ಅವರಿಗೆ.

ಪಿಳ್ಳಪ್ಪ: ನಾನು ಬೀದಿ ನೋಡ್ತಾ ಇದೀನಿ.

ರುಕ್ಮಿಣಮ್ಮ: ಹದಿನಾರು ವರ್ಷ ಇದೇ ಮಗ್ಗಗಳ ಮಧ್ಯೆ ಆಡಿದೀರ. ಒಬ್ಬರಾದ್ರೂ ಟಕ ಟಕ ಅಂತೈತೆ ಅಂದ್ರಾ? ಅವ್ರು ಪೆಟ್ಟಿಗೆ ತೆಗೆದು ಕೂತ್ರೆ ಯಾವ ಮಗ್ಗಾನೂ ಯಾರ ಕಿವಿಗೂ ಬೀಳ್ತಿರ್ಲಿಲ್ಲ.

ಪಿಳ್ಳಪ್ಪ: ಹಂಗಂತ ನನ್ ಸಮಕ್ಕೆ ಕೂರಿಸ್ಬೇಕಾ? ಬರ್ದೋನು ನಾನು. ರಾತ್ರಿಯೆಲ್ಲ ಎಣ್ಣೆ ಸುಟ್ಟೋನು ನಾನು. ಅವ್ನು ಬಂದು ಬೆರಳಾಡ್ಸಿ ಹೋಗ್ತಾನೆ.

ಗೋಪಾಲಪ್ಪ: ಹಂಗಾದ್ರೆ ಅವ್ರಿಲ್ದೆ ಆಡಿ ಭಾವ. ಅದಕ್ಕೇನಂತೆ.

ಪಿಳ್ಳಪ್ಪ: ಆಡ್ತೀನಿ.

ರುಕ್ಮಿಣಮ್ಮ: ನಡೀತದಾ?

ಪಿಳ್ಳಪ್ಪ: ಯಾಕ್ ನಡೆಯಲ್ಲ?

ರುಕ್ಮಿಣಮ್ಮ: ನನ್ ಮುಖ ನೋಡಿ ಹೇಳಿ. ಇರೋರು ನಾವು ನಾವೇ. ಈ ಬೀದೀಲಿ ಒಬ್ಬರ ಮನೆ ಮಾತು ಇನ್ನೊಬ್ಬರಿಗೆ ಕೇಳಿಸಿದ್ದಿದ್ರೆ ಇಷ್ಟೊತ್ತಿಗೆ ಎಷ್ಟು ಮನೆ ಒಡೆದು ಹೋಗ್ತಿದ್ವೋ. ಅವ್ರಿಗೇನೂ ಕೇಳ್ಸಲ್ಲ. ನಿಜ ಹೇಳಿ.

ಪಿಳ್ಳಪ್ಪ ಹೆಂಡತಿಯ ಮುಖ ನೋಡಿದ. ಕಿಟಕಿಯ ಸರಳು ಹಿಡಿದುಕೊಂಡು, ಊರಿನ ವಾಡಿಕೆಯಂತೆ ಮಗ್ಗಗಳ ಸದ್ದಿನ ಮೇಲೆ ದನಿ ಏರಿಸಿ ಹೇಳಿದ.

ಪಿಳ್ಳಪ್ಪ: ನಂಗ್ ಗೊತ್ತಿಲ್ಲ ಅಂದ್ಕೊಂಡಿದೀಯೇನೇ? ಒಂಬತ್ತು ನಾಟಕ ಆಡ್ದೆ. ಜನ ಮನೆಗೋಗ್ತಾ ಗುನುಗಿದ್ದು ಅವ್ನ ಮಟ್ಟು. ನನ್ ಮಾತು ಒಂದನ್ನಾದ್ರೂ ಯಾರಾದ್ರೂ ಹೇಳ್ಕೊಂಡ್ ಹೋದ್ರಾ? ರಂಗದ ಮೇಲೆ ನಾನ್ ಬಾಯಿ ಬಿಟ್ರೆ ಕಡ್ಲೇಕಾಯಿ ಸುಲಿಯೋರು, ಅವ್ನು ಬೆರಳಿಟ್ರೆ ಕೈ ನಿಲ್ಲಿಸ್ತಾರೆ. ಅದನ್ನ ನಾನು ಕಣ್ಣಾರೆ ನೋಡ್ಕೊಂಡೇ ಡೈಲಾಗ್ ಹೊಡೆದಿದೀನಿ ಕಣೇ, ಹದಿನಾರು ವರ್ಷ. ಅವ್ನಿಗೆ ನನ್ನಷ್ಟೇ ದಪ್ಪಕ್ಷರ ಕೊಟ್ಬಿಟ್ರೆ ಜನಕ್ಕೆ ಗೊತ್ತಾಗೋಗ್ತದೆ. ಈ ನಾಟಕಗಳೆಲ್ಲ ಅವ್ನದ್ದೇ, ನಂದು ಬರೀ ಹೆಸ್ರು.

ಈ ನಾಟಕಗಳೆಲ್ಲ ಎಂಬ ಆ ಕೊನೆಯ ಮಾತು ಶುರುವಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಬೀದಿಯ ನೂರ ಎಂಬತ್ತು ಮಗ್ಗಗಳೂ ಒಟ್ಟಿಗೆ ನಿಂತವು. ಪಿಳ್ಳಪ್ಪನ ದನಿ ಮಾತ್ರ ಮಗ್ಗದ ಎತ್ತರದಲ್ಲೇ ಉಳಿದು, ಕಿಟಕಿ ದಾಟಿ, ಬೀದಿಗೆ ಬಿದ್ದು, ಈ ತುದಿಯಿಂದ ಆ ತುದಿಯವರೆಗೆ ಹೋಯಿತು. ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು. ಎರಡು ಮೂರು ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು.

ಮುನಿಸ್ವಾಮಿ ಮೆಲ್ಲಗೆ, ತನ್ನ ಜೀವಮಾನದಲ್ಲೇ ಮೊದಲ ಬಾರಿ ಪಿಸುಗುಟ್ಟಿದ.

ಮುನಿಸ್ವಾಮಿ: ಅಣ್ಣ, ಇದೇ ಕಣಣ್ಣ ನಾವು ಹುಡುಕ್ತಿದ್ದ ನಿಶ್ಶಬ್ದ.

ಅಭ್ಯಾಸಬಲದಿಂದ ಗುಂಡಿ ಒತ್ತಿಯೂ ಒತ್ತಿದ. ಚಕ್ರ ತಿರುಗಲಿಲ್ಲ.

ಪಿಳ್ಳಪ್ಪ ಸರಳು ಹಿಡಿದೇ ನಿಂತಿದ್ದ. ಬಿಡಲು ಆಗಲಿಲ್ಲ, ಒಳಗೆ ಹೋಗಲೂ ಆಗಲಿಲ್ಲ. ಎದುರು ಜಗಲಿಯಲ್ಲಿ ವೆಂಕಟರಮಣಪ್ಪ ಒರೆಸುತ್ತಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಾರ್ಮೋನಿಯಂ ಮೇಲಿಟ್ಟ. ಕೂಗುವ ಅಗತ್ಯ ಇರಲಿಲ್ಲ, ಕೂಗಲಿಲ್ಲ.

ವೆಂಕಟರಮಣಪ್ಪ: ಪಿಳ್ಳಪ್ಪ, ಈಗ ಏನಂದೆಯೋ ಅದನ್ನ ಹಂಗೇ ಹ್ಯಾಂಡ್‌ಬಿಲ್‌ಗೆ ಹಾಕ್ಸಪ್ಪ. ನನ್ ಹೆಸ್ರು ಸಣ್ಣಕ್ಷರದಲ್ಲೇ ಇರ್ಲಿ.